ಹೊನ್ನೆ ಮಂಚದ ಒಕ್ಕಲು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಹೆಣ್ಣನ್ನಲ್ಲ, ಮನೆಯ ಬಾಗಿಲನ್ನು. ಬಾಗಿಲು ಯಾವ ಮರದ್ದು, ಆ ಮರದಲ್ಲಿ ಯಾರಿದ್ದರು, ಅವರೆಲ್ಲ ಈಗ ಮನೆಯಲ್ಲಿ ಎಲ್ಲೆಲ್ಲಿ ಕೂತಿದ್ದಾರೆ ಎಂದು ಒಂದು ಸುತ್ತು ಕಣ್ಣಾಡಿಸಿದ ಮೇಲೆಯೇ ಚಾಪೆಯ ಮೇಲೆ ಕೂರುತ್ತಾರೆ. ನಮ್ಮಲ್ಲಿ ಮರ ಒಬ್ಬಂಟಿಯಾಗಿ ಮನೆಗೆ ಬರುವುದಿಲ್ಲ. ಕಡಿದ ಮರ ಬಾಗಿಲೋ ಪೆಟ್ಟಿಗೆಯೋ ಒನಕೆಯೋ ಆಗಿ ಒಂದು ಮನೆಯಲ್ಲಿ ನೆಲೆ ನಿಂತ ಮಾರನೆಯ ಬೆಳಿಗ್ಗೆಯೇ, ಅದರಲ್ಲಿ ವಾಸವಿದ್ದವರೆಲ್ಲ ಹುಡುಕಿಕೊಂಡು ಬರುತ್ತಾರೆ. ಗೂಡು ಕಟ್ಟಿದ್ದ ಹಕ್ಕಿ ಬರುತ್ತದೆ, ಪೊಟರೆಯ ಗೂಬೆ ಬರುತ್ತದೆ, ತೊಗಟೆಯ ಸಂದಿನಲ್ಲಿದ್ದ ಹಲ್ಲಿ ಸಂಸಾರ ಸಮೇತ ಬರುತ್ತದೆ. ಇವರನ್ನು ನಾವು ಒಕ್ಕಲು ಎನ್ನುತ್ತೇವೆ. ಹಣ್ಣಿನ ಕಾಲದಲ್ಲಿ ಮಾತ್ರ ಮರಕ್ಕೆ ಬರುತ್ತಿದ್ದ ಪಿಕಳಾರ ಹಕ್ಕಿ ಮನೆಗೂ ಹಣ್ಣಿನ ಕಾಲದಲ್ಲಿ ಮಾತ್ರ ಬರುತ್ತದೆ. ಅಂಥವರು ನೆಂಟರು, ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಊರು ಇದಕ್ಕೆ ಎಂದೋ ಒಗ್ಗಿಹೋಗಿದೆ. ಶಾಲೆಯ ಬೆಂಚುಗಳ ಕೆಳಗೆ ಬಾವಲಿಗಳು ನೇತಾಡುತ್ತವೆ. ಮಕ್ಕಳು ಕಾಲು ಮಡಿಸಿ ಕೂರುವುದನ್ನು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ಚಹಾದಂಗಡಿಯ ಬೆಂಚಿನ ಜೊತೆ ಕೆಂಪಿರುವೆಗಳು ಬಂದಿವೆ. ಒಂದು ಲೋಟ ಚಹಾ ಕುಡಿದು ಬೆಳಗಿನಿಂದ ಸಂಜೆಯವರೆಗೆ ಹರಟೆ ಹೊಡೆಯುವವರು ಅಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲವಾದ್ದರಿಂದ ಅಂಗಡಿಯವನು ಆ ಇರುವೆಗಳಿಗೆ ದಿನಾ ಒಂದು ಚಮಚ ಸಕ್ಕರೆ ಹಾಕುತ್ತಾನೆ. ಪಂಚಾಯಿತಿ ಅಧ್ಯಕ್ಷರ ಕುರ್ಚಿಯ ಜೊತೆ ಬಂದದ್ದು ಒಂದು ಗೋಸುಂಬೆ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.

ಬೇಡವಾದ ಒಕ್ಕಲನ್ನು ಇಳಿಸುವ ಕ್ರಮವೂ ಇದೆ. ಆ ಮರವನ್ನು ಬಳಸುವವರೇ ಅದನ್ನು ಕರೆದುಕೊಂಡು ಹೋಗಿ, ಅದಕ್ಕೆ ಒಪ್ಪುವ ಒಂದು ಜಾಗ ತೋರಿಸಿ, ಅಲ್ಲಿನ ಮರಕ್ಕೆ ಕೊಡಲಿಯ ಬೆನ್ನಿನಿಂದ ಮೂರು ಸಲ ತಟ್ಟಿ, 'ಇದು ನಿನ್ನ ಜಾಗ' ಎಂದು ಹೇಳಿ, ಹಿಂದಿರುಗಿ ನೋಡದೆ ಬರಬೇಕು. ಕೇಳಲು ಸುಲಭ. ಆದರೆ ಮನಸ್ಸಿನ ಯಾವುದೋ ಮೂಲೆಯಲ್ಲಿ 'ಇರಲಿ ಬಿಡು, ಪಾಪ' ಎನ್ನುವುದು ಚೂರು ಉಳಿದಿದ್ದರೂ ಸಾಕು, ನೀವು ಮನೆ ಸೇರುವ ಮೊದಲೇ ಅದು ಬಂದು ತನ್ನ ಜಾಗದಲ್ಲಿ ಕೂತಿರುತ್ತದೆ.

ಹೀಗಾಗಿ ನಮ್ಮೂರಿನಲ್ಲಿ ಕೊಡಲಿಯವರಿಗೆ ಬಹಳ ಮರ್ಯಾದೆ. ನಮ್ಮ ಯಜಮಾನರು ಮುದ್ದಯ್ಯ ಊರಿನ ಕೊಡಲಿಯವರು. ನಾನು ಹೊರಗಿನಿಂದ ಮದುವೆಯಾಗಿ ಬಂದವಳು. ಇವರು ದಿನವಿಡೀ ಮರ ಕಡಿಯುತ್ತಾರೆ ಎಂದು ತಿಳಿದು, ರಟ್ಟೆ ನೋಯುತ್ತದೇನೋ ಎಂದು ಮೊದಮೊದಲು ಸಂಜೆ ಬಿಸಿನೀರು ಕಾಯಿಸಿಡುತ್ತಿದ್ದೆ. ಆಮೇಲೆ ಗೊತ್ತಾಯಿತು, ಈ ಕೆಲಸದಲ್ಲಿ ಕಡಿಯುವುದು ಉಪ್ಪಿನಕಾಯಿಯಷ್ಟು, ಮರದ ಕೆಳಗೆ ಕೂತು ಮೇಲೆ ನೋಡುವುದು ಊಟದಷ್ಟು. ಬಿಸಿನೀರು ಬೇಕಾಗಿದ್ದು ಕುತ್ತಿಗೆಗೆ.

ಆದರೆ ನೋಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಇದನ್ನು ನಾನು ಒಪ್ಪಲೇಬೇಕು. ಬುಡದಲ್ಲಿ ಬಿದ್ದ ಹಿಕ್ಕೆ ನೋಡಿ ಮೇಲೆ ಯಾರಿದ್ದಾರೆ ಎಂದು ಹೇಳುತ್ತಾರೆ. ತೊಗಟೆಯ ಮೇಲಿನ ಗೀರು ಉಡದ್ದೋ ಪುನುಗು ಬೆಕ್ಕಿನದ್ದೋ ಎಂದು ಬೆರಳಾಡಿಸಿ ತಿಳಿಯುತ್ತಾರೆ. ಕಾಂಡಕ್ಕೆ ಮೆಲ್ಲಗೆ ತಟ್ಟಿ ಕಿವಿಯಿಟ್ಟು, ಪೊಟರೆಯೊಳಗೆ ಮೊಟ್ಟೆಯಿದೆಯೋ ಮರಿಯಿದೆಯೋ ಎನ್ನುವುದನ್ನೂ ಹೇಳುತ್ತಾರೆ. ಇಷ್ಟೆಲ್ಲ ಕಾಣುವ ಮನುಷ್ಯನಿಗೆ ತನ್ನ ಹೆಗಲ ಮೇಲಿರುವ ಟವೆಲು ಮಾತ್ರ ಕಾಣದು. 'ಎಲ್ಲಿಟ್ಟೆ ಅದ್ನ?' ಎಂದು ನನ್ನ ಮೇಲೆ ರೇಗುತ್ತಾ ಮನೆಯೆಲ್ಲ ಹುಡುಕುತ್ತಾರೆ.

ಇನ್ನು ಕೊಡಲಿಯ ವಿಷಯದಲ್ಲಿ ಅವರದು ವಿಪರೀತ ಮಡಿ. ಅದರ ಕಾವು, ಅಂದರೆ ಹಿಡಿ, ದಿಂಡಿಗ ಮರದ್ದು, ತಾವೇ ಕೆತ್ತಿದ್ದು. ಅದರ ಮೇಲೆ ಬಿದ್ದಷ್ಟು ಎಣ್ಣೆ ನನ್ನ ತಲೆಯ ಮೇಲೆ ಬಿದ್ದಿದ್ದರೆ ನನ್ನ ಜಡೆ ನೆಲ ಮುಟ್ಟುತ್ತಿತ್ತು. ದಿನಾ ಸಾಣೆ ಹಿಡಿದು, ಮುಂಗೈಯ ಕೂದಲು ಬೋಳಿಸಿ ಹರಿತ ನೋಡುತ್ತಾರೆ. ಬಿಸಿಲು ಕಾಲದಲ್ಲಿ ಕಾವು ಒಣಗಿ ಸಡಿಲವಾಗದಂತೆ ಸಂಜೆ ಹೊತ್ತು ಕೊಡಲಿಯನ್ನು ನೀರಿನಲ್ಲಿ ನಿಲ್ಲಿಸುತ್ತಾರೆ. ನಮಗಿರುವುದು ಒಬ್ಬಳೇ ಮಗಳು, ದೇವೀರಿ. ಅವಳನ್ನೂ ಇಷ್ಟು ಜೋಪಾನ ಮಾಡಿಲ್ಲ ಎಂದು ನಾನು ಚುಚ್ಚುತ್ತಿದ್ದೆ. ಅದು ಸುಳ್ಳೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ದೇವೀರಿಯನ್ನು ಕೇಳಿಕೊಂಡು ಬಂದವರು ಮೇಲುಗೇರಿಯ ನಂಜವ್ವ. ಅವರ ಮಗ ಮರಿಸ್ವಾಮಿ ಒಳ್ಳೆಯ ಹುಡುಗ, ಮಿತಭಾಷಿ. ನಮ್ಮ ಬೀದಿಯಲ್ಲಿ ಕಾರಣವಿಲ್ಲದೆ ಓಡಾಡುವಾಗ ಮಾತ್ರ ಸ್ವಲ್ಪ ಜೋರಾಗಿ ಕೆಮ್ಮುತ್ತಿದ್ದ. ಮೇಲುಗೇರಿಯೆಂದರೆ ಬೇರೆ ಊರೇನಲ್ಲ, ನಮ್ಮ ಮನೆಯಿಂದ ಎರಡು ಕೇರಿ ಆಚೆ. ನಂಜವ್ವನ ಎಲೆಯಡಿಕೆ ಪೆಟ್ಟಿಗೆಯ ಜೊತೆ ಬಂದಿದ್ದ ಅಳಿಲು ಅವರ ಸೆರಗಿನ ಮೇಲೆ ಕೂತೇ ನಮ್ಮ ಮನೆಗೂ ಬಂದಿತ್ತು.

"ನೋಡಿ ಮುದ್ದಣ್ಣ, ಹುಡ್ಗಿ ನಮ್ಗೆ ಒಪ್ಗೆ. ನನ್ ಮಗ ಅಂತೂ ನಿಮ್ ಬೀದೀಲೇ ಬೇರು ಬುಟ್ಟವ್ನೆ," ಎಂದರು ನಂಜವ್ವ. "ಆದ್ರೆ ಒಂದ್ ಮಾತು. ಮಂಚದ್ ಜೊತೆ ಯಾರೂ ಬರಂಗಿಲ್ಲ."

ಮದುವೆಯಲ್ಲಿ ಮಂಚ ಹೆಣ್ಣಿನ ಕಡೆಯದು, ಅದರ ಮರವನ್ನು ಹೆಣ್ಣಿನ ತಂದೆಯೇ ಕಡಿಯಬೇಕು. ನಮ್ಮ ಯಜಮಾನರು ನೆಟ್ಟಗೆ ಕೂತರು.

"ಯಾರೂ ಅಂದ್ರೆ?"

"ಯಾರೂ ಅಂದ್ರೆ ಯಾರೂ. ಬಾಗ್ಲಲ್ಲಿ ಕುಟ್ರುಹಕ್ಕಿ, ಕಣಜದಲ್ಲಿ ಹೆಗ್ಗಣ, ತೊಲೆ ಮೇಲೆ ಓತಿಕ್ಯಾತ, ನಮ್ ಮಾವ ಮಾಡ್ಸಿದ್ ಪೆಟ್ಟಿಗೆ ಕೆಳ್ಗೆ ಉಡ. ಒನಕೆ ಜೊತೆ ಬಂದ್ ಮಂಗಟ್ಟೆ ಹಕ್ಕಿ ಜೋಡಿಗೆ ಒಂದ್ ಕಿಟಕೀನೇ ಬುಟ್ಕೊಟ್ಟಿದ್ದೀನಿ. ನಮ್ ಮನೇಲಿ ಮನುಷ್ರು ಓಡಾಡ್ಬೇಕಾದ್ರೆ ಅವ್ರ ಅಪ್ಣೆ ಕೇಳ್ಬೇಕು ಕಣಣ್ಣ. ಇನ್ನೊಂದು ಇರುವೆ ಬಂದ್ರೂ ಮಂಚ ವಾಪಸ್ಸು, ಮಂಚದ್ ಮೇಲ್ ಮಲ್ಗೋಳೂ ವಾಪಸ್ಸು."

"ಅವ್ನೆಲ್ಲ ಇಳಿಸ್ಬೋದಲ್ಲ ಅಕ್ಕ?" ಎಂದೆ ನಾನು.

"ಎಷ್ಟ್ ಸಲ ಇಳ್ಸಿದ್ದೀನಿ ಅಂತೀರ! ಏನ್ ಮಾಡುದ್ರೂ ಮತ್ತೆ ಬತ್ತವೆ, ದರಿದ್ರಗಳು," ಎನ್ನುತ್ತಾ ನಂಜವ್ವ ಮಡಿಲಿನಿಂದ ಒಂದು ಕಡಲೆಬೀಜ ತೆಗೆದು, ಸಿಪ್ಪೆ ಬಿಡಿಸಿ, ಅಳಿಲಿನ ಕೈಗೆ ಕೊಟ್ಟರು.

ಅಂದಿನಿಂದ ನಮ್ಮ ಯಜಮಾನರು ಖಾಲಿ ಮರ ಹುಡುಕುತ್ತಾ ಹೊರಟರು. ಕಾಡಿನಲ್ಲಿ ಖಾಲಿ ಮರ ಹುಡುಕುವುದೆಂದರೆ ಸಂತೆಯಲ್ಲಿ ಸುಮ್ಮನಿರುವವರನ್ನು ಹುಡುಕಿದ ಹಾಗೆ. ಒಂದು ಬೀಟೆ ಸಿಕ್ಕಿತು. ಅದರ ಎತ್ತರದ ತೂತಿನಲ್ಲಿ ಮರಕುಟಿಗ ಇತ್ತು. ಒಂದು ತೇಗ ಸಿಕ್ಕಿತು. ಬೋಳಾಗಿದೆಯೆಂದು ಖುಷಿಪಟ್ಟರೆ ಸಂಜೆಯ ಹೊತ್ತಿಗೆ ಹಾರುವ ಓತಿ ಕಾಂಡದಿಂದ ಕಾಂಡಕ್ಕೆ ತೇಲಿ ಬಂದು, ಕತ್ತಿನ ಹಳದಿ ಚೀಲ ಬಿಚ್ಚಿ ಮಡಿಸಿ ನಮಸ್ಕಾರ ಮಾಡಿತಂತೆ. ಒಂದು ಹಲಸಿನ ಕೆಳಗೆ ಮೂರು ದಿನ ಕೂತು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೊಡಲಿ ಎತ್ತಿದರೆ, ಎಲೆಗಳ ನಡುವಿನಿಂದ ಕಾಡುಪಾಪ ಎರಡು ದೊಡ್ಡ ಕಣ್ಣು ಬಿಟ್ಟು ನೋಡಿತು. ಇವರು ಕೊಡಲಿ ಇಳಿಸಿ, ಅದರ ಕ್ಷಮೆ ಕೇಳಿ, ಮನೆಗೆ ಬಂದು ನನ್ನ ಮೇಲೆ ರೇಗಿದರು.

ಕೊನೆಗೆ ಸಿಕ್ಕಿದ್ದು ಗುಡ್ಡದ ನೆತ್ತಿಯ ಒಂಟಿ ಹೊನ್ನೆ. ಬಂಡೆಯ ಪಕ್ಕದಲ್ಲಿ ನೆಟ್ಟಗೆ ಬೆಳೆದಿತ್ತು. ಅಲ್ಲಿ ಗಾಳಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲವಾದ್ದರಿಂದ ಯಾವ ಗೂಡೂ ನಿಲ್ಲುವುದಿಲ್ಲ. ಪೊಟರೆಯಿಲ್ಲ, ಬಿರುಕಿಲ್ಲ, ಕೊಂಬೆಗೆ ಹತ್ತುವ ಬಂದಣಿಕೆ ಗಿಡ ಕೂಡ ಇಲ್ಲ. ಯಜಮಾನರು ಅದರ ಬುಡದಲ್ಲಿ, ಎರಡು ಬೇರುಗಳ ನಡುವೆ, ಕೊಡಲಿಯನ್ನು ಮಂಡಿಯ ಮೇಲಿಟ್ಟು ಕೂತರು. ಬೆಳಕು ಹರಿಯುವಾಗ ಹೋಗಿ ಹೊತ್ತು ಮುಳುಗಿದ ಮೇಲೆ ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಾನು ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದೆ.

ಅಲ್ಲಿಂದ ಕೆಳಗಿನ ಕಾಡೆಲ್ಲ ಕಾಣುತ್ತಿತ್ತು. ಅವರು ಉಣ್ಣುತ್ತಾ ಒಂದೊಂದೇ ತೋರಿಸುತ್ತಿದ್ದರು. ಕೆಂದಳಿಲೊಂದು ಮತ್ತಿಮರದಿಂದ ತಾರೆಮರಕ್ಕೆ ನೆಗೆದು, ಅಲ್ಲಿಂದ ನಮ್ಮ ಹೊನ್ನೆಯ ಕಡೆ ನೋಡಿ, ಗಾಳಿಯ ಲೆಕ್ಕ ಹಾಕಿ, ಬೇಡವೆಂದು ಬಾಲ ಕೊಡವಿ ಹಿಂದಿರುಗುವುದು. ಕಡವೆ ಹೆಣ್ಣು ಮರಿಯನ್ನು ಮುಂದೆ ಬಿಟ್ಟುಕೊಂಡು ಹಳ್ಳಕ್ಕೆ ಇಳಿಯುವುದು. ಮರಿ ನೀರು ಕುಡಿಯುವಾಗ ತಾನು ಕುಡಿಯದೆ ಕಿವಿ ತಿರುಗಿಸುತ್ತಾ ನಿಲ್ಲುವುದು. ಯಜಮಾನರು ಆ ಕಡವೆಯನ್ನು ನೋಡುತ್ತಾ ಮುದ್ದೆ ನುಂಗುವುದನ್ನೇ ಮರೆಯುತ್ತಿದ್ದರು. ಸಾರು ತಣ್ಣಗಾಯಿತು ಎಂದು ನಾನು ತಿವಿಯಬೇಕಾಗುತ್ತಿತ್ತು.

ಬಾಕಿ ಮರಗಳನ್ನು ನೋಡಲು ಮೂರು ದಿನ ಸಾಕಾಗುತ್ತಿದ್ದವರಿಗೆ ಈ ಮರಕ್ಕೆ ಮೂರು ವಾರ ಸಾಲಲಿಲ್ಲ. ಕೇಳಿದರೆ ಒಂದೊಂದು ದಿನ ಒಂದೊಂದು ನೆಪ. ಇರುವೆಯ ಸಾಲೊಂದು ಬಂದ ಹಾಗಿತ್ತು. ಗಾಳಿ ನಿಂತ ದಿನ ಒಂದು ಸಲ ನೋಡಬೇಕು. ಹುಣ್ಣಿಮೆ ಕಳೆಯಲಿ. ಮಾವು ಮುಗಿದು ಮೊದಲ ಮಳೆ ಬಿತ್ತು. ನಂಜವ್ವ ಎರಡು ಸಲ ಹೇಳಿ ಕಳಿಸಿದರು. ಮರಿಸ್ವಾಮಿಯ ಕೆಮ್ಮು ನಿಜವಾದ ಕೆಮ್ಮೇ ಆಗಿಬಿಟ್ಟಿತು. ಒಂದು ಮಧ್ಯಾಹ್ನ ನಾನು ಬುತ್ತಿ ಬಿಚ್ಚದೆ ಮಡಿಲಲ್ಲಿಟ್ಟುಕೊಂಡು ಕೂತೆ.

"ಮರ ಖಾಲಿ ಅಂತ ನಿಮ್ಗೆ ಎಂದೋ ಗೊತ್ತಾಗದೆ," ಎಂದೆ.

"ಹಂಗಲ್ಲ ಕಣೆ, ಒಂದ್ ಹಲ್ಲಿ..."

"ಹಲ್ಲೀನೂ ಇಲ್ಲ, ಗಿಲ್ಲೀನೂ ಇಲ್ಲ. ನೀವು ಇಲ್ಲಿ ಕುಂತಿರೋಗಂಟ ಮದ್ವೆ ಆಗಕಿಲ್ಲ. ಅದ್ಕೇ ಕುಂತಿದ್ದೀರಿ."

ಅವರು ಹಳ್ಳದ ಕಡೆ ತಿರುಗಿದರು. "ಎರಡ್ ಕೇರಿ ಆಚೆ ಕಣೆ," ಎಂದರು. ಯಾರಿಗೆ ಸಮಾಧಾನ ಹೇಳುತ್ತಿದ್ದಾರೋ ತಿಳಿಯಲಿಲ್ಲ. ಆಮೇಲೆ ಕೈ ಚಾಚಿ ಬುತ್ತಿ ಇಸಿದುಕೊಂಡರು. ಮಾರನೆಯ ದಿನವೇ ಮರ ಕಡಿದರು.

ಅವರು ಕಡಿಯುವುದನ್ನು ನೋಡಲು ನನಗೆ ಈಗಲೂ ಇಷ್ಟ, ಇದನ್ನು ಅವರೆದುರು ಹೇಳಿಲ್ಲ. ಮೊದಲು ಮರಕ್ಕೆ ಕೈ ಮುಗಿದರು. ಬೀಳಬೇಕಾದ ಕಡೆ ಬುಡದಲ್ಲಿ ಅಗಲವಾದ ಕಚ್ಚು ಹಾಕಿದರು. ಒಂದು ಏಟು ಮೇಲಿನಿಂದ ಓರೆಯಾಗಿ, ಒಂದು ಏಟು ಕೆಳಗಿನಿಂದ, ಪ್ರತಿ ಎರಡನೆಯ ಏಟಿಗೆ ಅಂಗೈಯಗಲದ ಚಕ್ಕೆ ಹಾರಿ ಬೀಳುತ್ತಿತ್ತು. ಕಚ್ಚಿನಿಂದ ಹೊನ್ನೆಯ ಕೆಂಪು ರಸ ಇಳಿಯಿತು. ಆಮೇಲೆ ಹಿಂಬದಿಗೆ ಹೋಗಿ, ಕಚ್ಚಿಗಿಂತ ಗೇಣು ಮೇಲೆ ಕಡಿಯತೊಡಗಿದರು. ಮರ ಒಂದು ಸಲ ನರಳಿ, ಹೇಳಿದ ಜಾಗದಲ್ಲಿಯೇ ಮಲಗಿತು. ಒಂದು ಗರಿಯೂ ಹಾರಲಿಲ್ಲ, ಒಂದು ಹುಳುವೂ ಓಡಲಿಲ್ಲ. "ಖಾಲಿ," ಎಂದರು ಯಜಮಾನರು. ಹೆಮ್ಮೆಯಿಂದ ಹೇಳಿದರೋ ದುಃಖದಿಂದಲೋ, ಅಂತೂ ಟವೆಲಿನಿಂದ ಮುಖ ಒರೆಸಿಕೊಂಡರು. ಅಂದು ಟವೆಲು ಹುಡುಕಲಿಲ್ಲ.

ಬಡಗಿ ಈರಾಚಾರಿ ಹಲಗೆ ಒಣಗಿಸಿ ಚೆಂದದ ಮಂಚ ಮಾಡಿಕೊಟ್ಟ. ಮದುವೆಯೂ ಆಯಿತು. ಮೇಲುಗೇರಿಗೆ ಹೊರಟ ದೇವೀರಿ ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಾ, ನಡುವೆ ಒಬ್ಬರ ಹಸುವಿಗೆ ಡಿಕ್ಕಿ ಹೊಡೆದು, ಅಳುತ್ತಾ ನಗುತ್ತಾ ಹೋದಳು. ನಮ್ಮ ಯಜಮಾನರು ಬೀದಿಯಲ್ಲಿ ನಿಂತೇ ಇದ್ದರು. ನಾನು ತೋಳು ಹಿಡಿದು ಒಳಗೆ ಕರೆತಂದೆ.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಅವರಿಲ್ಲ. ಕಾಡಿಗೆ ಹೋಗಿರಬೇಕೆಂದು ನಾನು ಮುದ್ದೆಗೆ ಎಸರಿಟ್ಟೆ. ಅಷ್ಟರಲ್ಲಿ ಅಳಿಯ ಮರಿಸ್ವಾಮಿಯೇ ಬಂದು ಬಾಗಿಲಲ್ಲಿ ನಿಂತ. ಮುಖ ಕೆಂಪಾಗಿತ್ತು.

"ಅತ್ತೆ, ಮಾವ ನಮ್ ಮನೇಲವ್ರೆ," ಎಂದ.

"ಇಷ್ಟೊತ್ತಿಗಾ? ಏನಂತೆ?"

"ಏನೂ ಇಲ್ವಂತೆ. ಕೋಣೆ ಬಾಗ್ಲು ತೆಗೆದ್ರೆ ಅಲ್ಲೇ ಕುಂತಿದ್ರು. ಕೊಡಲಿ ಮಂಡಿ ಮ್ಯಾಲೆ ಇಟ್ಕಂಡು. ಮಂಚ ನೋಡ್ತಾ."

ನಾನು ಓಡಿದೆ. ಹೊಸಿಲ ಪಕ್ಕದಲ್ಲಿ, ಎರಡು ಕಂಬಗಳ ನಡುವೆ, ಹೊನ್ನೆಯ ಬೇರುಗಳ ನಡುವೆ ಕೂರುತ್ತಿದ್ದ ಹಾಗೆಯೇ ಕೂತಿದ್ದರು. ನನ್ನನ್ನು ನೋಡಿ, "ಕಾಲು ತಾನಾಗೇ ಬಂತು ಕಣೆ," ಎಂದರು. ಒಕ್ಕಲನ್ನು ನೋಡಿ ನೋಡಿಯೇ ಕೂದಲು ನರೆತ ಮನುಷ್ಯ. ವಾರಗಟ್ಟಲೆ ಆ ಮರದ ಕೆಳಗೆ ಬೆಳಗಿನಿಂದ ಬೈಗಿನವರೆಗೆ ವಾಸವಿದ್ದವರು ಯಾರು ಎನ್ನುವುದನ್ನು ಮಾತ್ರ ನೋಡಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಹೋದರೆ ಅಲ್ಲಿ ನಂಜವ್ವ ನಗದೆ ನಿಂತಿದ್ದರು.

"ಇರುವೆ ಬಂದ್ರೂ ಆಗಕಿಲ್ಲ ಅಂದಿದ್ದೆ. ಈಗ್ ನೋಡುದ್ರೆ ಬೀಗ್ರೇ ಬಂದ್ ಕುಂತವ್ರೆ," ಎಂದರು.

ನನ್ನ ನಗುವೂ ಹೆಚ್ಚು ಹೊತ್ತು ಉಳಿಯಲಿಲ್ಲ. ಆ ಮಧ್ಯಾಹ್ನ ಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದವಳು, ನೋಡನೋಡುತ್ತಾ ಎದ್ದು ಬುತ್ತಿ ಕಟ್ಟಿದೆ. ಕಾಲು ಮೇಲುಗೇರಿಯ ಕಡೆ ತಿರುಗಿತು. ತಡೆಯೋಣವೆಂದು ಬಾವಿಕಟ್ಟೆ ಹಿಡಿದುಕೊಂಡೆ, ಕೈ ಬಿಟ್ಟುಹೋಯಿತು. ನಂಜವ್ವ ಬಾಗಿಲಲ್ಲಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬುತ್ತಿಯ ಮುಚ್ಚಳ ತೆಗೆದು ಮೂಸಿದರು. "ನೀವು ಬಂದು ಹೋಗೋರು, ನೆಂಟ್ರು. ನಿಮ್ ಮ್ಯಾಲೆ ನಂದೇನೂ ಇಲ್ಲ. ಹುರುಳಿ ಸಾರು ಚೆನ್ನಾಗದೆ. ಆದ್ರೆ ಅಣ್ಣ ಒಕ್ಕಲು. ಅಮಾಸೆ ಬರೋದ್ರೊಳ್ಗೆ ದೇವೀರಿ ಅವ್ರನ್ನ ಇಳಿಸ್ಬೇಕು. ಇಲ್ದೆ ಇದ್ರೆ ಆಡಿದ್ ಮಾತು ಆಡಿದ್ದೇ," ಎಂದರು.

ಆಡಿದ ಮಾತು ನಮಗೆ ನೆನಪಿತ್ತು. ಮಂಚ ವಾಪಸ್ಸು, ಮಂಚದ ಮೇಲೆ ಮಲಗುವವಳೂ ವಾಪಸ್ಸು. ನಂಜವ್ವ ಕೆಟ್ಟವರಲ್ಲ, ಆದರೆ ಇಡೀ ಕೇರಿ ಕೇಳುವಂತೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವವರೂ ಅಲ್ಲ. ದೇವೀರಿ ಅಂದೆಲ್ಲ ತಲೆಯೆತ್ತಲಿಲ್ಲ.

ಯಜಮಾನರೇನೋ ಹೊತ್ತು ಮುಳುಗಿದೊಡನೆ ಮನೆಗೆ ಬರುತ್ತಿದ್ದರು, ಬೆಳಕು ಹರಿದೊಡನೆ ಹೋಗುತ್ತಿದ್ದರು. ಸಂಜೆ ಉಣ್ಣುತ್ತಾ, ಕಾಡಿನ ಸುದ್ದಿ ಹೇಳುವ ಧಾಟಿಯಲ್ಲಿಯೇ ಬೀಗರ ಮನೆಯ ಸುದ್ದಿ ಹೇಳುತ್ತಿದ್ದರು. "ಹುಡ್ಗ ಒಳ್ಳೇವ್ನು ಕಣೆ. ಉಣ್ಣಕ್ ಕುಂತ್ರೆ ಮೊದ್ಲು ಅವಳ್ ತಟ್ಟೆ ನೋಡಿ ಆಮ್ಯಾಕ್ ತನ್ ತಟ್ಟೆಗೆ ಕೈ ಹಾಕ್ತಾನೆ." "ಅವ್ಳು ಅತ್ತೆ ಕಂಡ್ರೆ ಹೆದ್ರಕಿಲ್ಲ. ಉಡಕ್ಕೆ ಸ್ವಲ್ಪ ಹೆದರ್ತಾಳೆ." ನಾನು ಕೆಣಕುತ್ತಿದ್ದೆ, ಅಳಿಯನ ಹಿಕ್ಕೆಯನ್ನೂ ನೋಡಿ ಬಂದಿರಾ ಎಂದು. ಆದರೆ ಅವರು ಹೇಳುವುದನ್ನು ಒಂದು ಮಾತೂ ಬಿಡದೆ ಕೇಳುತ್ತಿದ್ದೆ. ಆ ಹೊತ್ತಿಗೆ ಈರಾಚಾರಿ ಎರಡು ಸಲ ಬಂದು, ನೇಗಿಲಿಗೆ ಮರ ಬೇಕಿತ್ತೆಂದು ಕೇಳಿ ಹೋಗಿದ್ದ. ಯಜಮಾನರು ಮೂರನೆಯ ದಿನದಿಂದಲೇ ಕೊಡಲಿಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು; ಬೀಗರ ಮನೆಯಲ್ಲಿ ಕೊಡಲಿ ಹಿಡಿದು ಕೂರುವುದು ಚೆನ್ನಾಗಿರುವುದಿಲ್ಲವಂತೆ. ಅದು ಮೂಲೆಯಲ್ಲಿ, ಒಲೆಯ ಬಿಸಿ ತಾಗುವ ಗೋಡೆಗೆ ಒರಗಿ ನಿಂತಿತ್ತು.

ದೇವೀರಿ ಮೊದಲ ಸಲ ಅಪ್ಪನನ್ನು ಕರೆತಂದಾಗ ನಾನು ಜಗಲಿ ಸಾರಿಸುತ್ತಿದ್ದೆ. ಕೈ ಹಿಡಿದು ತಂದು ಕೂರಿಸಿದಳು. ಅತ್ತೆಯ ಮನೆಯಿಂದ ತಂದ ಸೌದೆ ಒಡೆಯುವ ಕೊಡಲಿಯ ಬೆನ್ನಿನಿಂದ ಕಂಬಕ್ಕೆ ಮೂರು ಸಲ ತಟ್ಟಿದಳು. ತಟ್ಟಿದಳೋ ಸವರಿದಳೋ, ಕಂಬಕ್ಕೂ ಗೊತ್ತಾಗಿರಲಿಕ್ಕಿಲ್ಲ. "ಇದು ನಿನ್ ಜಾಗ ಅಪ್ಪ," ಎಂದು ಹೇಳಿ, ಕಣ್ಣೊರೆಸಿಕೊಂಡು, ಹಿಂದಿರುಗಿ ನೋಡದೆ ಹೋದಳು. ಅವಳು ಬೀದಿಯ ತಿರುವು ದಾಟಿರಲಿಲ್ಲ, ಇವರು ಹಿತ್ತಲಿನ ಓಣಿಯಿಂದ ಹೊರಟರು. ಅವಳು ಮನೆ ಸೇರುವ ಹೊತ್ತಿಗೆ ಎರಡು ಕಂಬಗಳ ನಡುವೆ ಕೂತು ನಂಜವ್ವ ಕೊಟ್ಟ ಕಾಫಿ ಕುಡಿಯುತ್ತಿದ್ದರಂತೆ.

ಅದರ ಅರ್ಥ ಊರಿಗೆಲ್ಲ ಗೊತ್ತು. ಹುಡುಗಿಯ ಮನಸ್ಸಿನಲ್ಲಿ 'ಇರಲಿ ಬಿಡು' ಇದೆ. ದೇವೀರಿಗೆ ನಾಚಿಕೆಯಿಂದ ಅಳುವೇ ಬಂದಿತು. ನಂಜವ್ವ ಹೆಗಲ ಮೇಲಿನ ಅಳಿಲನ್ನು ಎತ್ತಿಕೊಂಡು ಒಳಗೆ ಹೋದರು. ಆದರೆ ದಿನ ಬದಲಿಸಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ದೇವೀರಿ ಮತ್ತೆ ಅಪ್ಪನನ್ನು ಕರೆದುಕೊಂಡು ಬಂದಳು. ರಾತ್ರಿಯೆಲ್ಲ ಅತ್ತಿದ್ದಳೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಅತ್ತೆಯ ಮನೆಯ ಕೊಡಲಿ ತರುವುದನ್ನೂ ಮರೆತಿದ್ದಳು. ಅಪ್ಪನನ್ನು ಜಗಲಿಯಲ್ಲಿ ಕೂರಿಸಿ, ಒಳಗೆ ಹೋಗಿ, ಮೂಲೆಯಲ್ಲಿದ್ದ ಅವರ ಕೊಡಲಿಯನ್ನೇ ತಂದಳು. ಈ ಸಲವೂ ಆಗುವುದಿಲ್ಲವೆಂದು ನನಗೆ ಅನ್ನಿಸಿತು. ಅವಳು ಕೊಡಲಿ ಎತ್ತಿ ಕಂಬಕ್ಕೆ ತಟ್ಟಿದಳು. ಕೊಡಲಿಯ ತಲೆ ಕಾವಿನಿಂದ ಕಳಚಿ, ಜಗಲಿಯ ಮೇಲೆ ಠಣ್ ಎಂದು ಬಿದ್ದು, ಕೋಳಿ ಬುಟ್ಟಿಯವರೆಗೆ ಉರುಳಿತು.

ದೇವೀರಿ ಕೈಯಲ್ಲಿದ್ದ ಬರಿ ಕಾವನ್ನು ನೋಡಿದಳು. ಅದು ಒಣಗಿ ಬೆಳ್ಳಗಾಗಿತ್ತು.

"ಏನಪ್ಪಾ ಇದು?"

"ಬುಡವ್ವ. ಕಾವು ಒಣಗೋಗದೆ," ಎಂದರು ಅವರು ನೆಲ ನೋಡುತ್ತಾ.

"ಒಣಗೋಗದೆ? ನಿನ್ ಕೊಡಲಿ? ತಲೆ ಕಳಚಿ ಬಿತ್ತಲ್ಲಪ್ಪ! ಯಾರಾದ್ರೂ ನೋಡಿದ್ರೆ ಏನಂದಾರು? ಮುದ್ದಯ್ಯನ್ ಕೊಡಲೀಲಿ ತಲೆ ನಿಲ್ಲಕಿಲ್ಲ ಅಂತ ಊರೆಲ್ಲ ಆಡ್ಕಳ್ಳಲ್ವಾ? ನಾನ್ ಎಲ್ಲಿ ಮುಖ ಇಟ್ಕಳ್ಳಿ?" ಅವಳ ದನಿ ಏರುತ್ತಲೇ ಹೋಯಿತು. ಅಪ್ಪನಿಗೆ ಅವಳು ಹಾಗೆ ಬೈದದ್ದನ್ನು ನಾನು ಎಂದೂ ಕಂಡಿರಲಿಲ್ಲ. "ಈರಾಚಾರಿ ನೇಗ್ಲು ಅರ್ಧಕ್ಕೇ ನಿಂತದಂತೆ. ನೀನು ನಮ್ ಕೋಣೆ ಬಾಗ್ಲಲ್ಲಿ ಕುಂತು ನಾನ್ ಎಷ್ಟ್ ತುತ್ತು ಉಂಡೆ ಅಂತ ನೋಡ್ತಿದ್ದೀಯ. ನಾನ್ ಉಣ್ತೀನಪ್ಪ! ಚೆನ್ನಾಗೇ ಉಣ್ತೀನಿ! ಕೆಲ್ಸ ಇಲ್ವಾ ನಿಂಗೆ?"

ಬೈಯುತ್ತಲೇ ಕೋಳಿ ಬುಟ್ಟಿಯ ಹತ್ತಿರದಿಂದ ಕೊಡಲಿಯ ತಲೆ ಎತ್ತಿಕೊಂಡಳು. ಬೈಯುತ್ತಲೇ ಮಚ್ಚಿನಿಂದ ಒಂದು ಚೂರು ಬಿದಿರು ಸೀಳಿ ಬೆಣೆ ಕೆತ್ತಿದಳು. ಮೂಗಿನಿಂದ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ತಲೆಯನ್ನು ಕಾವಿಗೆ ಸಿಕ್ಕಿಸಿ, ಬೆಣೆ ಇಟ್ಟು, ಖಾರ ಅರೆಯುವ ಗುಂಡುಕಲ್ಲಿನಿಂದ ಬಡಿದು ಕೂರಿಸಿದಳು. ಆಮೇಲೆ ಎದ್ದು ನಿಂತು ಅದೇ ಕೊಡಲಿಯ ಬೆನ್ನಿನಿಂದ ಕಂಬಕ್ಕೆ ಮೂರು ಏಟು ಹಾಕಿದಳು. ಹೆಂಚಿನಿಂದ ದೂಳು ಉದುರಿತು. ಪಕ್ಕದ ಮನೆಯವರು ಹೊರಗೆ ಬಂದರು.

"ಇದು ನಿನ್ ಜಾಗ," ಎಂದಳು. "ಇಲ್ಲಿರು. ಹೊತ್ತುಟ್ಟಿದ್ರೆ ಕಾಡಿಗೆ ಹೋಗು. ಹಬ್ಬಕ್ಕೆ ಕರೀತೀನಿ, ಆಗ ಬಾ."

ಕೊಡಲಿಯನ್ನು ಅವರ ಮಂಡಿಯ ಮೇಲಿಟ್ಟು ಹೊರಟಳು. ಮದುವೆಯ ದಿನ ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಾ ಹೋಗಿದ್ದ ಹುಡುಗಿ, ಈ ಸಲ ಬೀದಿಯ ಕೊನೆಯವರೆಗೆ ಒಂದು ಸಲವೂ ಕತ್ತು ತಿರುಗಿಸಲಿಲ್ಲ. ಅವಳ ಬೆನ್ನು ನೋಡಿ ನನಗೆ ಹೆಮ್ಮೆಯಾಯಿತು. ಯಜಮಾನರು ಒಂದು ಕಾಲು ಜಗಲಿಯಿಂದ ಕೆಳಗಿಳಿಸಿದರು. ಕಾಲು ಸ್ವಲ್ಪ ಹೊತ್ತು ಅಲ್ಲೇ ನೆಲ ಮುಟ್ಟಿಕೊಂಡಿತ್ತು. ಆಮೇಲೆ ಅದನ್ನು ಮೇಲೆತ್ತಿ ಮಡಿಸಿ ಕೂತರು.

"ನೋಡ್ದಾ, ಹೆಂಗ್ ಬೈದ್ಲು," ಎಂದರು. ಕಣ್ಣು ತುಂಬಿತ್ತು. ನಾನು ಏನಾದರೂ ಕೆಣಕುತ್ತೇನೆಂದು ಕಾದರು. ನಾನು ಪಕ್ಕದಲ್ಲಿ ಹೋಗಿ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಅಭ್ಯಾಸಬಲದಿಂದ ಕೊಡಲಿಯನ್ನು ಬೆಳಕಿಗೆ ಹಿಡಿದರು. ತಲೆಯನ್ನು ಅಲುಗಾಡಿಸಿದರು; ಅಲುಗಲಿಲ್ಲ. ಒಂದು ಕಣ್ಣು ಮುಚ್ಚಿ ಕಾವಿನ ತುದಿ ನೋಡಿದರು.

"ಬೆಣೆ ಓರೆ ಹೊಡ್ದವ್ಳೆ," ಎಂದರು.

ಅವರ ಕೊಡಲಿಯ ಮಡಿ ನನಗೆ ಗೊತ್ತಲ್ಲ. ಒಳಗೆ ಹೋಗಿ ಇಕ್ಕಳ ತಂದು ಕೊಟ್ಟೆ. ಅವರು ಇಕ್ಕಳವನ್ನು ಬೆಣೆಗೆ ಹಚ್ಚಿದರು. ಹಚ್ಚಿಕೊಂಡು ಹಾಗೆಯೇ ಕೂತರು. ಆಮೇಲೆ ಇಕ್ಕಳವನ್ನು ನನ್ನ ಕೈಗೆ ವಾಪಸು ಕೊಟ್ಟು, ಎದ್ದು, ಕೊಡಲಿಯನ್ನು ಬಚ್ಚಲ ಹಂಡೆಯ ನೀರಿನಲ್ಲಿ ನಿಲ್ಲಿಸಿ ಬಂದರು. ಮಾರನೆಯ ಬೆಳಿಗ್ಗೆ ಈರಾಚಾರಿಯ ನೇಗಿಲಿಗೆ ಮರ ನೋಡಲು ಕಾಡಿಗೆ ಹೋದರು.

ಆ ಬೆಣೆ ಈಗಲೂ ಓರೆಯಾಗಿಯೇ ಇದೆ. ಯಾರಾದರೂ ಬೆರಳು ಮಾಡಿ ತೋರಿಸಿದರೆ, "ಅದು ಹಂಗೇ ಇರ್ಬೇಕು," ಎನ್ನುತ್ತಾರೆ.